ಒಳಗಿನವರಿಗೆ ಹೆಸರಿಟ್ಟೆ, ಈಗ ಅವರು ಏಕವಚನ ಒಪ್ಪುತ್ತಿಲ್ಲ

ಬಿಳಿಹಾಳೆ (ಮೈಸೂರು)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ನಾನು ಕಥೆ ಬರೆಯೋಳು. ಬರೆಯೋಳು ಅಂದ್ರೆ ಹನ್ನೊಂದು ವರ್ಷಕ್ಕೆ ಆರು ಕಥೆ. ಏಳನೇದು ಮೂರು ತಿಂಗಳಿಂದ ಎರಡನೇ ಪುಟ ಬಿಟ್ಟು ಕದಲಿಲ್ಲ. ರಾತ್ರಿ ಪಾತ್ರೆ ತೊಳೆದು, ಮಗಳನ್ನು ಮಲಗಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆಗೆದ್ರೆ ಸಾಕು, ತಲೆಯೊಳಗೆ ಪಂಚಾಯ್ತಿ ಶುರು. ಒಬ್ಬರು ಹೂಂ ಅಂದ್ರೆ ಇನ್ನೊಬ್ಬರು ಊಹೂಂ. ಹೋದ ವಾರ ರೋಸಿಹೋಗಿ ಹಳೇ ಡೈರಿಯೊಂದರಲ್ಲಿ ಯಾರ್ಯಾರು ಏನೇನು ಹೇಳ್ತಾರೆ ಅಂತ ಬರೆದುಕೊಳ್ತಾ ಹೋದೆ. ಮೂರು ಜನ ಸಿಕ್ಕಿಬಿದ್ದರು.

ಒಬ್ಬರು ಶಾನುಭೋಗರು. ಕನ್ನಡಕ ಮೂಗಿನ ತುದಿಯಲ್ಲಿ. ‘ಈ ವಾಕ್ಯದಲ್ಲಿ ಮೂರು ಸಲ ಮತ್ತು ಬಂದಿದೆ. ಹೋದ ವರ್ಷ ಬಹುಮಾನ ಬಂದ ಕಥೆ ಎಷ್ಟು ಪುಟ ಇತ್ತು? ನಿನಗೀಗ ವಯಸ್ಸೆಷ್ಟು?’ ಬರೀ ಲೆಕ್ಕ.

ಎರಡನೆಯವರು ದೊಡ್ಡಮ್ಮ. ಕಥೆ ಹೇಗಿದೆ ಅಂತ ನೋಡಲ್ಲ, ಕಥೆಯಲ್ಲಿ ಯಾರಿದ್ದಾರೆ ಅಂತ ನೋಡ್ತಾರೆ. ‘ಇದು ನಮ್ಮ ಮನೆ ವಿಷಯ ಅಲ್ವೇನೇ? ನಾಳೆ ಮದುವೆ ಮನೇಲಿ ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರ್ತೀಯ?’

ಮೂರನೆಯವಳು ಪುಟ್ಟಿ. ಏಳು ವರ್ಷ ಇರಬಹುದು. ಅವಳದು ಒಂದೇ ಹಟ, ಕಥೆಯಲ್ಲಿ ಆನೆ ಬರಬೇಕು. ಬ್ಯಾಂಕಿನ ಕೌಂಟರಿನಲ್ಲಿ ನಡೆಯೋ ಕಥೆ ಸ್ವಾಮಿ ಇದು. ಆನೆ ಎಲ್ಲಿಂದ ತರಲಿ?

ಹೆಸರಿಟ್ಟ ಮೇಲೆ ಒಂದು ಮಟ್ಟಕ್ಕೆ ನಿರಾಳ ಆಯ್ತು, ಸುಳ್ಳು ಹೇಳಲ್ಲ. ಆದರೆ ಒಂದು ತಮಾಷೆ. ಡೈರಿಯಲ್ಲಿ ಶಾನುಭೋಗರಿಗೆ ‘ಸುಮ್ನಿರು’ ಅಂತ ಬರೆಯೋಕೆ ಹೋದೆ, ಕೈ ತಾನಾಗೇ ‘ಸುಮ್ನಿರಿ’ ಅಂತ ಬರೀತು. ಹೊಡೆದುಹಾಕಿ ಮತ್ತೆ ಪ್ರಯತ್ನಿಸಿದೆ. ಆಗಲ್ಲ. ನನ್ನ ತಲೆಯೊಳಗೆ ಬಾಡಿಗೆ ಇಲ್ಲದೆ ಕೂತಿರೋ ಮನುಷ್ಯನಿಗೆ ನಾನೇ ಬಹುವಚನ ಕೊಡ್ತಿದ್ದೀನಿ!

ನಿಮಗೂ ಹೀಗೇನಾ? ಹೆಸರಿಟ್ಟರೆ ಅವರು ಹದ್ದುಬಸ್ತಿಗೆ ಬರ್ತಾರೋ, ಇಲ್ಲಾ ಮಣೆ ಹಾಕಿ ಕೂರಿಸಿದ ಹಾಗಾಗತ್ತೋ?

ಚಕ್ಕುಲಿ
ಆನೆ ಬರಲಿ. ನನ್ನ ವೋಟು ಪುಟ್ಟಿಗೆ.

ಧಾರವಾಡದ ಮಳಿ
ಅಕ್ಕಾರ, ನೀವು ಹೊಸಾದೇನೂ ಮಾಡಿಲ್ಲ ಬಿಡ್ರಿ. ಬೇಂದ್ರೆ ಅಜ್ಜಾರು ಇದನ್ನ ಯಾವತ್ತೋ ಮಾಡಿ ಮುಗಿಸ್ಯಾರ. ಅಂಬಿಕಾತನಯದತ್ತ ಅಂದ್ರ ಬರೇ ಕಾವ್ಯನಾಮ ಅಂತ ಸಾಲ್ಯಾಗ ಕಲಿಸ್ತಾರಲ್ಲ, ಅಷ್ಟ ಅಲ್ರಿ ಅದು. ಒಳಗ ಕುಂತು ಹೇಳಾಂವ ಅಂಬಿಕಾತನಯದತ್ತ, ಕೇಳಿಸ್ಕೊಂಡು ಕನ್ನಡದಾಗ ಲೋಕಕ್ಕ ಮುಟ್ಟಸಾಂವ ಬೇಂದ್ರೆ, ಹಂಗಂತ ಅವರ ತಿಳಿವಳಿಕಿ ಇತ್ತು. ಇಬ್ಬರೂ ಒಂದ ಮನ್ಯಾಗ ಇದ್ರೂ ಒಬ್ಬರ ಕೆಲಸ ಒಬ್ಬರು ಕಸಗೊಳ್ಳಿಲ್ಲ. ಮುಂದ ನಾಕುತಂತಿಯೊಳಗ ನಾನು, ನೀನು, ಆನು, ತಾನು ಅಂತ ನಾಕು ಆದ್ವು. ಅದಕ್ಕ 1974ರಾಗ ಜ್ಞಾನಪೀಠ ಬಂತು.

ಮತ್ತ ನಮ್ಮ ಕಡೆ ಶಾನುಭೋಗ ಅನ್ನಂಗಿಲ್ರಿ, ಕುಲಕರ್ಣಿ. ನಾ ಸ್ವತಃ ಕುಲಕರ್ಣಿ ಮನಿತನದಾಂವ. ನಿಮ್ಮ ತಲಿಯೊಳಗ ಕುಂತಾಂವ ನಮ್ಮ ಬಳಗದಾಂವ ಅಂತ ತಿಳಿದು ಸ್ವಲ್ಪ ಬ್ಯಾಸರಾತು.

ಶುದ್ಧಿಪತ್ರ
1973. ಒಡಿಯಾದ ಗೋಪೀನಾಥ ಮಹಾಂತಿ ಅವರ ಜೊತೆ ಹಂಚಿಕೆಯಾದ ಪ್ರಶಸ್ತಿ. ಸಂಕಲನ ಬಂದದ್ದು 1964.

ಧಾರವಾಡದ ಮಳಿ
ಆತ್ರಿ ಸರ. ನಿಮ್ಮೊಳಗ ಯಾರು ಅದಾರ ಅಂತ ಎಲ್ಲಾರಿಗೂ ಗೊತ್ತಾತು.

ಕರಾವಳಿ ಕೊಡೆ
ಈ ಏಕವಚನ ಬಹುವಚನದ ಪ್ರಶ್ನೆ ಒಳ್ಳೇದುಂಟು ಮಾರಾಯ್ರೆ. ನಾನೂ ನೋಡಿಕೊಂಡೆ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನ್ನೊಳಗಿನವ ತುಳುವಿನಲ್ಲಿ ಒಮ್ಮೆಯೂ ಬೈದದ್ದು ನೆನಪಿಲ್ಲ. ಬೈಯುವುದೆಲ್ಲ ಪಠ್ಯಪುಸ್ತಕದ ಕನ್ನಡದಲ್ಲಿ, ಕಡ್ಡಿ ಮುರಿದ ಹಾಗೆ, ‘ಏನಿದು? ಇದನ್ನು ಕವಿತೆ ಎಂದು ಕರೆಯುತ್ತಾರೆಯೇ?’ ಎಂಟನೇ ತರಗತಿಯ ಮೇಷ್ಟ್ರ ಸ್ವರವೇ ಅದು. ಅವರು ತೀರಿಹೋಗಿ ಹದಿನೈದು ವರ್ಷ ಆಯ್ತು. ನನ್ನಲ್ಲಿ ಮಾತ್ರ ಇನ್ನೂ ಪಾಠ ಮಾಡ್ತಾ ಇದ್ದಾರೆ.

ಡಲ್ಲಾಸ್ ದೋಸೆ
ಅಯ್ಯೋ, ನನ್ನ ಕಥೆ ಇನ್ನೂ ಮಜಾ. ನನ್ನವನು ಬೈಯೋದು ಇಂಗ್ಲಿಷ್‌ನಲ್ಲಿ. ಇಪ್ಪತ್ತು ವರ್ಷ ಆಫೀಸಿನ ಅಪ್ರೈಸಲ್ ಕೇಳಿಸಿಕೊಂಡ ಫಲ. ಕನ್ನಡದಲ್ಲಿ ಒಂದು ಪ್ರಬಂಧ ಬರೆಯೋಣ ಅಂತ ಕೂತರೆ ‘ನಾಟ್ ಗುಡ್ ಎನಫ್’ ಅಂತಾನೆ. ಒಂದು ದಿನ ಹಟಕ್ಕೆ ಬಿದ್ದು ಅದನ್ನ ಕನ್ನಡಕ್ಕೆ ಹಾಕಿದೆ. ‘ಇಷ್ಟು ಸಾಲದು.’ ಅಷ್ಟೇ! ಸಾಲದು ಅಂದ ತಕ್ಷಣ ಅದು ಅಡುಗೆಮನೆ ಮಾತಾಯ್ತು. ಸಾಲದಿದ್ರೆ ಇನ್ನೊಂದು ಸೌಟು ಹಾಕಿದ್ರಾಯ್ತು, ಅದಕ್ಯಾಕೆ ಅಳಬೇಕು?

ಚಕ್ಕುಲಿ
ಇದನ್ನ ಬರೆದು ಫ್ರಿಜ್ ಮೇಲೆ ಅಂಟಿಸ್ಕೊಂಡೆ.

ಅರೆಬೆಂದ ಮನಶ್ಶಾಸ್ತ್ರ
ಎಂ.ಎಸ್ಸಿ. ಎರಡನೇ ವರ್ಷ, ಹಾಗಾಗಿ ಅರ್ಧ ತಿಳಿದವನ ಮಾತು ಅಂತಲೇ ಓದಿ. ಮೇಲೆ ಇಬ್ಬರು ಹೇಳಿದ್ದಕ್ಕೆ ಪುಸ್ತಕದಲ್ಲೂ ಜಾಗ ಇದೆ. ವೈಗೋಟ್‌ಸ್ಕಿ ಅಂತ ರಷ್ಯಾದ ಮನಶ್ಶಾಸ್ತ್ರಜ್ಞ, 1934ರಲ್ಲಿ ತೀರಿಕೊಂಡ. ಮಕ್ಕಳು ಆಡುವಾಗ ಗಟ್ಟಿಯಾಗಿ ತಮ್ಮಷ್ಟಕ್ಕೆ ಮಾತಾಡಿಕೊಳ್ತಾವಲ್ಲ, ‘ಈಗ ಇದನ್ನ ಇಲ್ಲಿಡ್ತೀನಿ, ಬೀಳಬೇಡ’ ಅಂತ, ಆ ಮಾತೇ ದೊಡ್ಡವರಾಗ್ತಾ ಒಳಗಿಳಿದು ಯೋಚನೆ ಆಗತ್ತೆ ಅಂತ ಅವನ ವಾದ. ಆ ಮಾತನ್ನ ಮಗು ಕಲಿತದ್ದು ಸುತ್ತಲಿನವರಿಂದ. ಅಂದ್ಮೇಲೆ ಒಳಗಿನ ಮಾತಿಗೆ ಮೇಷ್ಟ್ರ ಧಾಟಿ, ದೊಡ್ಡಮ್ಮನ ಧಾಟಿ ಇರೋದ್ರಲ್ಲಿ ಆಶ್ಚರ್ಯ ಏನಿಲ್ಲ.

ಹೆಸರಿಡೋ ಪದ್ಧತಿಯನ್ನ ಚಿಕಿತ್ಸೆಯಾಗಿ ಮಾಡಿದವನು ರಿಚರ್ಡ್ ಶ್ವಾರ್ಟ್ಸ್. ಅಮೆರಿಕದ ಕುಟುಂಬ ಚಿಕಿತ್ಸಕ, 1980ರ ದಶಕ. ತಿನ್ನೋದರ ತೊಂದರೆ ಇದ್ದವರು ಅವನ ಹತ್ರ ಬಂದು ‘ನನ್ನ ಒಂದು ಭಾಗ ಹೀಗೆ ಅನ್ನತ್ತೆ, ಇನ್ನೊಂದು ಭಾಗ ಹಾಗೆ ಅನ್ನತ್ತೆ’ ಅಂತಿದ್ರಂತೆ. ಮನೆಯವರನ್ನೆಲ್ಲ ಕೂರಿಸಿ ಮಾತಾಡಿಸೋದು ಹೇಗಂತ ಗೊತ್ತಿದ್ದವನು, ಅದನ್ನೇ ಒಬ್ಬ ಮನುಷ್ಯನ ಒಳಗೂ ಮಾಡಿದ. ಅವನ ಲೆಕ್ಕದಲ್ಲಿ ಕೆಲವರು ಮ್ಯಾನೇಜರುಗಳು, ಅನಾಹುತ ಆಗದ ಹಾಗೆ ಮೊದಲೇ ಬಿಗಿ ಹಿಡಿಯೋರು. ಕೆಲವರು ಅಗ್ನಿಶಾಮಕರು, ನೋವು ಹೊತ್ತಿಕೊಂಡ ಕೂಡಲೇ ಏನಾದರೂ ಮಾಡಿ ಗಮನ ತಪ್ಪಿಸೋರು. ಇನ್ನು ಕೆಲವರು ಒಳಗೆ ಅಡಗಿಸಿಟ್ಟ ಎಳೆಯರು. ಯಾರೂ ಕೆಟ್ಟವರಲ್ಲ, ಸಿಕ್ಕ ಕೆಲಸ ಕೆಟ್ಟದ್ದು ಅಷ್ಟೇ ಅಂತ ಅವನ ಮಾತಿನ ಸಾರ. ಇದಕ್ಕೆ ಪ್ರಯೋಗದ ಪುರಾವೆ ಇನ್ನೂ ತೆಳು, ಅದನ್ನೂ ಹೇಳಿಬಿಡ್ತೀನಿ.

ಚಕ್ಕುಲಿ
ರಾತ್ರಿ ಒಂದು ಗಂಟೆವರೆಗೆ ರೀಲ್ಸ್ ನೋಡಿಸೋನು ಅಗ್ನಿಶಾಮಕ ತಾನೆ? ನನ್ನೊಳಗೆ ಇಡೀ ಠಾಣೆನೇ ಇದೆ. ಗಂಟೆ ಬಾರಿಸ್ಕೊಂಡು ದಿನಾ ಬರ್ತಾರೆ.

ನೇರಮಾತು
ಏನ್ ಕಾಲ ಬಂತು ಕಣ್ರೀ. ಬರೆಯೋಕೆ ಸೋಂಬೇರಿತನ, ಅದಕ್ಕೆ ಮೂರು ಹೆಸರು. ಕೂತ್ಕೊಳಿ, ಬರೀರಿ, ಎದ್ದೋಗಿ. ನಮ್ಮಪ್ಪ ಮದ್ದೂರು ಕಡೆ ಗದ್ದೆ ಮಾಡ್ದೋರು. ನಾಟಿ ಟೇಮಲ್ಲಿ ಒಳಗಿನ ಧ್ವನಿ ಕೇಳ್ಕೊಂಡು ಬದಿನ ಮೇಲೆ ಕೂತಿರ್ಲಿಲ್ಲ.

ಡಲ್ಲಾಸ್ ದೋಸೆ
ಉಳುವಾಗ ಎತ್ತಿನ ಜೊತೆ ಮಾತಾಡ್ತಿರ್ಲಿಲ್ವಾ?

ನೇರಮಾತು
ಆಡೋರು. ಅದುಕ್ಕೂ ಇದುಕ್ಕೂ ಏನ್ ಸಂಬಂಧ?

ಡಲ್ಲಾಸ್ ದೋಸೆ
ಎತ್ತಿಗೆ ಹೆಸರಿತ್ತಾ?

ನೇರಮಾತು
ರಾಮ, ಲಕ್ಷ್ಮಣ.

ಡಲ್ಲಾಸ್ ದೋಸೆ
ಮುಗೀತಲ್ಲ.

ಎನಾಮಲ್ (ದಾವಣಗೆರೆ)
ನಾನು ಬರೆಯೋದು ಕಥೆ ಅಲ್ರಿ, ಬೋರ್ಡು. ಇಪ್ಪತ್ತಾರು ವರ್ಷ ಆತು. ಫ್ಲೆಕ್ಸ್ ಬಂದ ಮೇಲೆ ಅರ್ಧ ಹೊಟ್ಟಿ ಹೋತು. ಈಗ ಶಟರ್ರು, ಸರ್ಕಾರಿ ಸಾಲಿ ಗೋಡಿ, ಲಾರಿ ಹಿಂದಿನ ಅಕ್ಷರ ಬರೀತೀನಿ. ನಮ್ಮ ಕೆಲಸದಾಗೂ ಈ ಜಗಳ ಐತಿ, ಅದಕ್ಕೆ ಹೇಳ್ತಿದೀನಿ.

ನನ್ನೊಳಗೆ ಇಬ್ಬರು. ಒಬ್ಬ ಮೇಸ್ತ್ರಿ, ನನಗೆ ಕೆಲಸ ಕಲಿಸಿದವರ ಥರಾನೇ. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಚಿಟ್ ಅಂತ ಬಿಡು ಅಂತಾನೆ. ಗೋಡಿ ಮೇಲೆ ನೆಟ್ಟಗೆ ಬಿಳಿ ಗೆರೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡು, ಇಲ್ಲಾಂದ್ರೆ ಎರಡನೇ ಸಾಲಿನ ತಲಿಕಟ್ಟು ಮೇಲಿನ ಒತ್ತಿಗೆ ಬಡಿತೈತಿ ಅಂತ ಹೇಳೋನೂ ಅವನೇ. ಇನ್ನೊಬ್ಬ ಕುಡುಕ. ಅವನಿಗೆ ಗೆರೆ ಬೇಕಿಲ್ಲ. ತಲಿಕಟ್ಟಿನ ತುದಿಗೆ ಒಂದು ಸುರುಳಿ ಎಳಿ, ಶ್ರೀ ಬಾಲಾನ ಹಿಂಗೆ ತಿರುವಿ ಅಲ್ಲಿಂದ ಅಡಿಗೆರೆ ಮಾಡು ಅಂತಾನೆ.

ಮೊದಮೊದಲು ಕುಡುಕನ್ನ ಹತ್ರ ಬಿಡ್ತಿರ್ಲಿಲ್ಲ. ಬೋರ್ಡು ನೆಟ್ಟಗಿರ್ತಿತ್ತು, ಆದ್ರೆ ಸತ್ತಂಗೆ ಇರ್ತಿತ್ತು. ಒಂದ್ಸಲ ಅವನ ಕೈಗೆ ಪೂರ್ತಿ ಕೊಟ್ಟೆ. ಸುರುಳಿ ಏನೋ ಭರ್ಜರಿ ಬಂತು. ‘ಪ್ರೊವಿಷನ್’ನಾಗ ಒಂದು ಅಕ್ಷರಾನೇ ಬಿಟ್ಟಿದ್ದೆ. ಅಂಗಡಿಯೋರು ದುಡ್ಡು ಕೊಡ್ಲಿಲ್ಲ. ಈಗ ಕಾಯಿದೆ ಹಿಂಗೆ. ಬೆಳಿಗ್ಗೆ ದಾರ ಹಿಡಿಯೋದು ಮೇಸ್ತ್ರಿ. ಊಟ ಆದ ಮೇಲೆ, ಮೊದಲ ಕೋಟು ಒಣಗಿದ ಮೇಲೆ, ಕುಡುಕಗೆ ಅರ್ಧ ತಾಸು. ಸಂಜಿಗೆ ದೂರ ರಸ್ತೆ ಆಚೆ ನಿಂತು ನೋಡೋದು ಮತ್ತೆ ಮೇಸ್ತ್ರಿ. ಇಬ್ಬರೂ ಒಂದೇ ಹೊತ್ತಿಗೆ ಏಣಿ ಹತ್ತಿದ್ರೆ ನಾನು ಕೆಳಗೆ ಬೀಳ್ತೀನಿ.

ಬಿಳಿಹಾಳೆ
ಎನಾಮಲ್ ಅಣ್ಣ, ಇದನ್ನ ಎರಡು ಸಲ ಓದಿದೆ. ನಾನು ಮೂವರನ್ನೂ ಒಟ್ಟಿಗೇ ಏಣಿ ಹತ್ತಿಸಿದ್ದೀನಿ ಅಂತ ಈಗ ಹೊಳೀತು.

ಧಾರವಾಡದ ಮಳಿ
ಆ ಬೋರ್ಡಿನ ಫೋಟೋ ಇದ್ರ ಹಾಕ್ರಿ. ಪ್ರೊವಿಷನ್ ಅಲ್ಲ, ಸುರುಳಿದು.

ಎನಾಮಲ್ (ದಾವಣಗೆರೆ)
ಅದನ್ನ ಅಳಿಸಿಬಿಟ್ರು ಸರ. ಟರ್ಪೆಂಟೈನ್ ಹಾಕಿ ನಾನೇ ಅಳಿಸಿದ್ದು.

ಅಡುಗೆಮನೆ ಕಿಟಕಿ
ದೊಡ್ಡಮ್ಮನ ಬಗ್ಗೆ ಯಾರೂ ಮಾತಾಡ್ತಿಲ್ಲ, ಯಾಕೆ? ಗಂಡಸರಿಗೆ ಶಾನುಭೋಗರ ಕಾಟ, ಒಪ್ಪೋಣ. ಹೆಂಗಸರಿಗೆ ದೊಡ್ಡಮ್ಮ ಒಬ್ಬರೇ ಸಾಕು.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವೂಲ್ಫ್ 1931ರಲ್ಲಿ ಲಂಡನ್ನಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಸಭೆಯೊಂದರಲ್ಲಿ ಇದನ್ನೇ ಹೇಳಿದ್ದಳು. ಪುಸ್ತಕ ವಿಮರ್ಶೆ ಬರೆಯೋಕೆ ಕೂತರೆ ಬೆನ್ನ ಹಿಂದೆ ಒಬ್ಬಳು ಬಂದು ನಿಲ್ತಿದ್ದಳಂತೆ. ಮಹಾ ಸಾಧ್ವಿ, ಕೋಳಿ ಬೇಯಿಸಿದರೆ ಕಾಲಿನ ತುಂಡು ತನಗೆ, ಗಾಳಿ ಬೀಸಿದರೆ ಆ ಕಡೆ ತಾನೇ ಕೂರುವವಳು. ‘ಗಂಡಸು ಬರೆದ ಪುಸ್ತಕ ಇದು, ಸ್ವಲ್ಪ ಮೆತ್ತಗೆ ಬರಿ, ನಿನಗೂ ಒಂದು ಬುದ್ಧಿ ಇದೆ ಅಂತ ಯಾರಿಗೂ ಗೊತ್ತಾಗದಿರಲಿ’ ಅಂತ ಪಿಸುಗುಟ್ಟುವವಳು. ವೂಲ್ಫ್ ಅವಳಿಗೆ ಹೆಸರಿಟ್ಟಳು, ಸರಿ. ಆದರೆ ಗೆಳೆತನ ಮಾಡಲಿಲ್ಲ. ಮಸಿ ಕುಡಿಕೆ ಎತ್ತಿ ಎಸೆದು ಕೊಂದೆ ಅಂದಳು. ಕೊಲ್ಲದಿದ್ದರೆ ಅವಳು ನನ್ನನ್ನೇ ಕೊಲ್ಲುತ್ತಿದ್ದಳು ಅಂದಳು.

ಹಾಗಾಗಿ ಈ ‘ಎಲ್ಲರನ್ನೂ ಕರೆದು ಕಾಫಿ ಕೊಡೋಣ’ ಅನ್ನೋ ಮಾತಿಗೆ ನನ್ನ ತಕರಾರಿದೆ. ಕೆಲವರಿಗೆ ಕಾಫಿ ಕೊಡಬಾರದು.

ಬಿಳಿಹಾಳೆ
ಕಿಟಕಿ ಅವ್ರೇ, ಬುದ್ಧಿಗೆ ಒಪ್ಪತ್ತೆ. ಆದರೆ ನನ್ನ ದೊಡ್ಡಮ್ಮ ಅಂದ್ರೆ ನಿಜವಾದ ದೊಡ್ಡಮ್ಮ. ಅಮ್ಮನಿಗೆ ಹುಷಾರಿಲ್ಲದ ಎರಡು ವರ್ಷ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವರು. ಜಡೆ ಎಷ್ಟು ಬಿಗಿ ಅಂದ್ರೆ ಹುಬ್ಬು ಮೇಲಕ್ಕೆ ಹೋಗ್ತಿತ್ತು. ಅದೇ ಕೈ ಈಗ ನನ್ನ ವಾಕ್ಯ ಹಿಡಿದು ಎಳೀತಿದೆ. ಕೊಲ್ಲೋಕೆ ಕೈ ಬರಲ್ಲ.

ಅಡುಗೆಮನೆ ಕಿಟಕಿ
ಕೊಲ್ಲಬೇಡಿ ಹಾಗಾದ್ರೆ. ಬರೆದು ಮುಗಿಯೋವರೆಗೆ ಊರಿಗೆ ಬಸ್ ಹತ್ತಿಸಿ. ಮುಂದಿನ ಸೀಟು, ಕಿಟಕಿ ಪಕ್ಕ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಮರ್ಯಾದೆಗೆ ಕಮ್ಮಿ ಮಾಡಬೇಡಿ.

ಭಾಗವತರ ಪಕ್ಕ
ಉಡುಪಿ ಕಡೆಯವ. ನಾನು ಊರಿನ ಸಂಘದಲ್ಲಿ ತಾಳಮದ್ದಳೆಗೆ ಅರ್ಥ ಹೇಳುವವ, ಹವ್ಯಾಸಕ್ಕೆ. ನೋಡದವರಿಗಾಗಿ: ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಮದ್ದಳೆ ಉಂಟು, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುವುದು. ಪದ್ಯ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ಅಲ್ಲೇ ಹುಟ್ಟಬೇಕು.

ಏಳೆಂಟು ವರ್ಷ ವಾಲಿಮೋಕ್ಷದಲ್ಲಿ ನಾನು ರಾಮನೇ. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾಕೆ ಅಂತ ಸಮರ್ಥನೆ ಕೊಟ್ಟು ಕೊಟ್ಟು ನಾಲಿಗೆಗೆ ರೂಢಿಯಾಗಿತ್ತು. ಒಂದು ದಿನ ವಾಲಿ ಹೇಳುವವರಿಗೆ ಜ್ವರ. ನನ್ನನ್ನು ಆಚೆ ಬದಿ ಕೂರಿಸಿದರು, ರಾಮನಿಗೆ ಒಬ್ಬ ಹೊಸ ಹುಡುಗ. ಅವ ನನ್ನದೇ ಸಮರ್ಥನೆಯನ್ನು ನನ್ನದೇ ಧಾಟಿಯಲ್ಲಿ ಹೇಳ್ಲಿಕ್ಕೆ ಶುರು ಮಾಡಿದ. ಎದೆಗೆ ಬಾಣ ನೆಟ್ಟವನ ಜಾಗದಲ್ಲಿ ಕೂತು ಕೇಳುವಾಗ ಅದು ಎಷ್ಟು ಪೊಳ್ಳು ಅಂತ ನನಗೆ ಗೊತ್ತಾದದ್ದು ಆವತ್ತು. ಮುಂದಿನ ಸಲ ಮತ್ತೆ ರಾಮನಾದೆ. ಎರಡು ಕಡೆ ನನಗೆ ಮಾತು ತಡವರಿಸಿತು. ಮುಗಿದ ಮೇಲೆ ಭಾಗವತರು ಹತ್ತಿರ ಬಂದು ‘ಇವತ್ತು ರಾಮ ಬಂದಿದ್ದ’ ಅಂದರು.

ಹಾಗಾಗಿ ಶಾನುಭೋಗರನ್ನು ಓಡಿಸಬೇಡಿ. ಎದುರು ಅರ್ಥಧಾರಿ ದುರ್ಬಲನಾದರೆ ನಿಮ್ಮ ಅರ್ಥವೂ ಸಪ್ಪೆ. ಒಂದು ರಾತ್ರಿ ಅವರ ಬದಿ ಕೂತು, ಕಥೆಯ ವಿರುದ್ಧ ನೀವೇ ಪೀಠಿಕೆ ಹೇಳಿ ನೋಡಿ. ಆದರೆ ಅವರ ಪದ್ಯ ಯಾವಾಗ ಎತ್ತಬೇಕು ಅಂತ ನಿರ್ಧರಿಸುವುದು ಭಾಗವತರು. ನೀವು ಈ ಪ್ರಸಂಗದಲ್ಲಿ ಅರ್ಥಧಾರಿ ಅಂತ ತಿಳಿದಿದ್ದೀರಿ, ಅಲ್ಲ. ಭಾಗವತರ ಜಾಗಟೆ ನಿಮ್ಮ ಕೈಯಲ್ಲಿ ಉಂಟು.

ಕರಾವಳಿ ಕೊಡೆ
ಆಹಾ. ಯಾವ ಸಂಘ ಮಾರಾಯ್ರೆ, ಮುಂದಿನ ಕೂಟ ಯಾವಾಗ?

ಭಾಗವತರ ಪಕ್ಕ
ಮಳೆಗಾಲದಲ್ಲಿ. ಇಲ್ಲಿ ಹೇಳಿದರೆ ಜಾಹೀರಾತು ಆಗ್ತದೆ.

ಹಗಲು ದೀಪ
ಈ ಹೆಸರಿಡೋ ಆಟಕ್ಕೆ ಇನ್ನೊಂದು ಮುಖ ಇದೆ. ಪೋರ್ಚುಗಲ್ಲಿನ ಕವಿ ಪೆಸ್ಸೋವಾ. ಅವನೊಳಗಿನವರಿಗೆ ಹೆಸರಷ್ಟೇ ಅಲ್ಲ, ಜಾತಕ, ಉದ್ಯೋಗ, ಬೇರೆ ಬೇರೆ ಶೈಲಿ ಎಲ್ಲ ಇತ್ತು. ಕುರಿ ಮೇಯಿಸುವವನ ಹಾಗೆ ಬರೆಯುವ ಕಯೇರೊ, ವೈದ್ಯ ರಿಕಾರ್ದೊ ರೈಸ್, ಹಡಗಿನ ಎಂಜಿನಿಯರ್ ಆಲ್ವರೊ ದ ಕಾಂಪೊಸ್. 1914ರ ಮಾರ್ಚ್ 8ರಂದು ಎತ್ತರದ ಡ್ರಾಯರ್ ಕಪಾಟೊಂದರ ಮುಂದೆ ನಿಂತು ಒಂದೇ ಏಟಿಗೆ ಮೂವತ್ತಕ್ಕೂ ಹೆಚ್ಚು ಕವಿತೆ ಕಯೇರೊ ಹೆಸರಲ್ಲಿ ಬರೆದೆ ಅಂತ 1935ರ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಹಸ್ತಪ್ರತಿ ನೋಡಿದ ವಿದ್ವಾಂಸರು ಆ ಒಂದೇ ದಿನದ ಕಥೆಯನ್ನ ಪೂರ್ತಿ ನಂಬಲ್ಲ, ಅದಿರಲಿ.

ನಾನು ಹೇಳಬೇಕಾದ್ದು ಬೇರೆ. ಅದೇ ವರ್ಷ ಅವನು ತೀರಿಕೊಂಡ. ಬದುಕಿದ್ದಾಗ ಪೋರ್ಚುಗೀಸಿನಲ್ಲಿ ಬಂದ ಕವನ ಪುಸ್ತಕ ಒಂದೇ ಒಂದು, 1934ರದ್ದು. ಉಳಿದದ್ದೆಲ್ಲ ಟ್ರಂಕಿನಲ್ಲಿ, 25,000ಕ್ಕೂ ಹೆಚ್ಚು ಹಾಳೆ. ಒಳಗೆ ಜನ ಜಾಸ್ತಿಯಾದರೆ ಹೊರಗೆ ಬರೋಕೆ ಬಾಗಿಲು ಸಾಲಲ್ಲ.

ಧಾರವಾಡದ ಮಳಿ
ಹಂಗಲ್ರಿ. ಆ ಮಂದಿ ಇಲ್ಲದಿದ್ರ ಟ್ರಂಕು ಖಾಲಿ ಇರ್ತಿತ್ತು.

ಹಗಲು ದೀಪ
ಅಥವಾ ಹತ್ತು ಪುಸ್ತಕ ಬಂದಿರ್ತಿತ್ತು. ಹೇಗೆ ಹೇಳ್ತೀರಿ?

ಧಾರವಾಡದ ಮಳಿ
ಹತ್ತು ಪುಸ್ತಕ ಬಂದು ಯಾರೂ ಓದದಾಂಗ ಆಗಿದ್ರ?

ನೇರಮಾತು
ನೀವಿಬ್ರೂ ಟ್ರಂಕಿನ ಮೇಲೆ ಕೂತ್ಕೊಂಡು ಕಿತ್ತಾಡಿ. ಬೀಗದ ಕೈ ಕೊಟ್ಟೋಗಿ.

ಶುದ್ಧಿಪತ್ರ
ಏಕವಚನದ ವಿಷಯಕ್ಕೆ ಬರೋಣ, ಮೂಲ ಪ್ರಶ್ನೆ ಅದು. ನಮ್ಮಲ್ಲಿ ತನ್ನನ್ನು ತಾನೇ ಕರೆದುಕೊಳ್ಳುವುದು ಯಾವಾಗಲೂ ಏಕವಚನದಲ್ಲೇ. ದಾಸರು ಮನಸ್ಸನ್ನು ‘ಮನವೇ’ ಅಂತ ಕರೆದು ಬುದ್ಧಿ ಹೇಳಿದರು, ‘ಮನಸ್ಸಿನವರೇ’ ಅನ್ನಲಿಲ್ಲ. ಡಿವಿಜಿ 1943ರಲ್ಲಿ ಕಗ್ಗ ತಂದಾಗ ಕೊನೆಯಲ್ಲಿ ಕರೆದದ್ದು ಮಂಕುತಿಮ್ಮನನ್ನು, ಮಂಕುತಿಮ್ಮಯ್ಯನವರನ್ನಲ್ಲ. ಅಲ್ಲಿ ಸಲಿಗೆ ಇದೆ. ಹಾಗಾದರೆ ನೀವು ಬಹುವಚನ ಕೊಡುತ್ತಿರುವವರು ನಿಮ್ಮವರಲ್ಲ, ಹೊರಗಿನಿಂದ ಬಂದು ಕೂತವರು. ಅದು ನನ್ನ ಊಹೆ.

ಬಿಳಿಹಾಳೆ
ಶುದ್ಧಿಪತ್ರ ಅವರೇ, ನಿಮ್ಮಿಂದ ಊಹೆ ಕೂಡ ಬರತ್ತೆ ಅಂತ ಗೊತ್ತಿರಲಿಲ್ಲ! ಆದರೆ ಸರಿ ಇದೆ. ಪುಟ್ಟಿಗೆ ಏಕವಚನ, ಪುಟ್ಟಿ ನಾನೇ. ಶಾನುಭೋಗರು ಯಾರು ಅಂತ ಹುಡುಕ್ತಾ ಹೋದೆ. ಮೊದಲ ಕಥೆ ಕಳಿಸಿದಾಗ ‘ಪುಟಮಿತಿ ಮೀರಿದೆ’ ಅಂತ ಎರಡು ಪದದ ಚೀಟಿ ಜೊತೆ ವಾಪಸ್ ಬಂದಿತ್ತು. ಬರೆದವರ ಮುಖ ನೋಡಿಲ್ಲ, ಹೆಸರೂ ಗೊತ್ತಿಲ್ಲ. ಹಸಿರು ಇಂಕು ಮಾತ್ರ ನೆನಪಿದೆ. ಅದಕ್ಕೇ ಕನ್ನಡಕ, ಪಂಚೆ ಎಲ್ಲ ನಾನೇ ತೊಡಿಸಿದ್ದೀನಿ.

ಹಳೇ ಕಾಗದ
ಎಲ್ಲರೂ ಶಾನುಭೋಗರನ್ನ ಬೈತಾ ಇದ್ದೀರಿ. ಅವರ ಕೈಯಲ್ಲಿ ಏನಿರ್ತಿತ್ತು ಅಂತ ಯಾರಿಗಾದ್ರೂ ನೆನಪಿದೆಯಾ?

ಕಡತ. ಈಗ ಆಫೀಸಿನ ಫೈಲಿಗೆಲ್ಲ ಕಡತ ಅಂತೀವಿ, ಆದರೆ ಹಳೇ ಕಡತ ಅಂದ್ರೆ ಬಟ್ಟೆ. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬರೆಯೋದು ಬಳಪದಲ್ಲಿ. ನಮ್ಮ ಅಜ್ಜನ ಅಟ್ಟದಲ್ಲಿ ಒಂದಿತ್ತು. ಬಿಚ್ಚಿದರೆ ಕೋಣೆಯ ಆ ಗೋಡೆಯಿಂದ ಈ ಗೋಡೆವರೆಗೆ ಬರೋದು, ಬೆರಳೆಲ್ಲ ಕಪ್ಪು.

ಅದರ ವಿಶೇಷ ಏನು ಗೊತ್ತಾ? ಸ್ಲೇಟಿನ ಹಾಗೆ ಒರೆಸಬಹುದು. ಬಳಪದ ಬರಹ, ಒದ್ದೆ ಬಟ್ಟೆ ಸಾಕು. ಬೇಡ ಅನ್ನಿಸಿದ ಲೆಕ್ಕ ಒರೆಸಿ, ಮತ್ತೆ ಅದರ ಮೇಲೇ ಬರೆಯೋರು. ನಿಮ್ಮ ಶಾನುಭೋಗರ ಕೈಗೆ ಹಸಿರು ಇಂಕು ಕೊಟ್ಟಿರೋದು ನೀವು. ಬಳಪ ಕೊಟ್ಟು ನೋಡಿ.

ಚಕ್ಕುಲಿ
ಮೈ ಜುಮ್ಮಂತು.

ಡಲ್ಲಾಸ್ ದೋಸೆ
ಇದೇ ಮಾತನ್ನ ನನ್ನ ಅಪ್ರೈಸಲ್ ಮಾಡೋರಿಗೂ ಹೇಳಬೇಕು.

ಗೊಂಬೆಯಾಟ
ತೊಗಲು ಗೊಂಬೆಯಲ್ಲಿ ರಾಮ, ರಾವಣ ಎಲ್ಲರ ಜೊತೆ ಕಿಳ್ಳೇಕ್ಯಾತ, ಬಂಗಾರಕ್ಕ ಬರ್ತಾರೆ, ನಗಿಸೋಕೆ. ಪರದೆ ಹಿಂದೆ ಒಬ್ಬನೇ ಎಷ್ಟೋ ಗೊಂಬೆಗೆ ದನಿ ಕೊಡ್ತಾನೆ. ನಿಮ್ಮ ಮೂವರಲ್ಲಿ ನಗಿಸೋರು ಯಾರೂ ಇಲ್ವಲ್ಲ? ಒಬ್ಬ ಕಿಳ್ಳೇಕ್ಯಾತನ್ನ ಸೇರಿಸಿಕೊಳ್ಳಿ.

ಸಂಜೆ ಪಾಳಿ
ಎಲ್ಲ ಚೆನ್ನಾಗಿದೆ. ಮಧ್ಯೆ ಒಂದು ಬೇಸರದ ಮಾತು, ನರ್ಸ್ ಆಗಿರೋದರಿಂದ ಹೇಳದೆ ಇರೋಕಾಗಲ್ಲ. ಇಲ್ಲಿ ಎಲ್ಲರೂ ಮಾತಾಡ್ತಿರೋದು ತಮ್ಮದೇ ಯೋಚನೆಗೆ ಹೆಸರಿಡೋ ಬಗ್ಗೆ. ಯಾರೂ ಇಲ್ಲದಾಗ ನಿಜವಾಗಲೂ ಕಿವಿಗೆ ದನಿ ಕೇಳಿಸೋದು, ಅದು ಅಪ್ಪಣೆ ಮಾಡೋದು, ನಿದ್ದೆ ಬಿಡಿಸೋದು ಬೇರೆ ವಿಷಯ. ಅದಕ್ಕೆ ಹೆಸರಿಡ್ತಾ ಕೂರಬೇಡಿ, ಡಾಕ್ಟರ ಹತ್ರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಸರಿ, ಆನೆ ಎಲ್ಲಿಗೆ ಬಂತು?

ಅರೆಬೆಂದ ಮನಶ್ಶಾಸ್ತ್ರ
ಇದನ್ನ ನಾನು ಮೊದಲೇ ಬರೀಬೇಕಿತ್ತು. ಥ್ಯಾಂಕ್ಸ್.

ನೇರಮಾತು
ಒಂದ್ ಮಾತು. ಎತ್ತಿನ ವಿಷಯ ರಾತ್ರಿ ಎಲ್ಲಾ ತಲೇಲಿ ತಿರುಗ್ತು. ನಮ್ಮಪ್ಪ ರಾಮನ್ನ ಬೈತಾನೇ ಇರ್ಲಿಲ್ಲ. ಬೈಯೋದೆಲ್ಲ ಲಕ್ಷ್ಮಣನ್ನ. ‘ಸಾಲ ಮಾಡ್ಬೇಡ ಅಂದ್ನೋ ಇಲ್ವೋ? ಕೇಳಿದ್ಯಾ?’ ಅಂತ. ಎತ್ತು ಯಾವ ಸಾಲ ಮಾಡತ್ತೆ? ಆಗ ನಗ್ತಿದ್ವಿ ನಾವು ಮಕ್ಕಳು. ಇನ್ನು ಮುಂದುಕ್ಕೆ ಹೇಳಲ್ಲ.

ಡಲ್ಲಾಸ್ ದೋಸೆ
ಬರೀರಿ ಅದನ್ನ. ದಯವಿಟ್ಟು.

ನೇರಮಾತು
ಬರೀಬೋದಿತ್ತು. ಒಳಗೆ ಒಬ್ಬ ಬೇಡ ಅಂತವ್ನೆ.

ಬಿಳಿಹಾಳೆ
ಎರಡು ವಾರ ಆಯ್ತು, ಈ ಚರ್ಚೆಯನ್ನ ಮತ್ತೆ ಮೇಲಕ್ಕೆತ್ತುತ್ತಿದ್ದೀನಿ. ದೊಡ್ಡಮ್ಮನ್ನ ಬಸ್ ಹತ್ತಿಸಿದೆ. ನಿಜವಾಗಲೂ ಡೈರಿಯಲ್ಲಿ ಟಿಕೆಟ್ ಬರೆದೆ, ಮೈಸೂರು ಟು ಚಾಮರಾಜನಗರ. ಆಮೇಲೆ ನಾಲ್ಕು ರಾತ್ರಿ ಪುಟ್ಟಿಗೆ ಬಿಟ್ಟೆ. ಆನೆ ಬಂತು!

ಹೇಗೆ ಅಂದ್ರೆ, ನವೆಂಬರಿನಲ್ಲಿ ಪಿಂಚಣಿಯವರು ಬದುಕಿದ್ದೀನಿ ಅಂತ ಬ್ಯಾಂಕಿಗೆ ಜೀವಿತ ಪ್ರಮಾಣಪತ್ರ ಕೊಡೋಕೆ ಬರ್ತಾರಲ್ಲ, ಆ ಸಾಲಲ್ಲಿ ಒಬ್ಬ ನಿವೃತ್ತ ಮಾವುತ. ಬೆರಳಚ್ಚು ಯಂತ್ರ ಅವನ ಹೆಬ್ಬೆಟ್ಟು ಹಿಡೀತಿಲ್ಲ, ಅಂಕುಶ ಹಿಡಿದು ಹಿಡಿದು ಸವೆದಿದೆ. ಹೊರಗೆ ರಸ್ತೆಯಲ್ಲಿ ದಸರಾ ಆನೆಗಳ ಸಾಲು. ಅವನು ಕೌಂಟರ್ ಬಿಟ್ಟು ಕಿಟಕಿ ಹತ್ರ ಹೋಗ್ತಾನೆ, ಆನೆ ನಿಂತುಬಿಡತ್ತೆ. ಐದನೇ ರಾತ್ರಿ ಶಾನುಭೋಗರಿಗೆ ಬಳಪ ಕೊಟ್ಟು ಕರೆದೆ. ದಸರೆಗೆ ಮುಂಚೆ ಆನೆಗಳನ್ನ ಲಾರಿ ತೂಗೋ ಜಾಗಕ್ಕೆ ಕರ್ಕೊಂಡು ಹೋಗಿ ತೂಗ್ತಾರಲ್ಲ, ಅದನ್ನ ಹಾಕು ಅಂದ್ರು. 5,000 ಕೆ.ಜಿ. ದಾಟಿದ ಆನೆ, 750 ಕೆ.ಜಿ. ಅಂಬಾರಿ, ಮಾವುತನ ಪಿಂಚಣಿ ಎಷ್ಟು ಅಂತ ಒಂದೇ ಪ್ಯಾರಾದಲ್ಲಿ ಬರಲಿ ಅಂದ್ರು. ಅವರಿಗೆ ಇಷ್ಟು ಬರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ಪುಟ ಆಗಿದೆ.

ಭಾಗವತರ ಪಕ್ಕ
ಜಾಗಟೆ ಸದ್ದು ಇಲ್ಲಿಯವರೆಗೆ ಕೇಳಿತು.

ಎನಾಮಲ್ (ದಾವಣಗೆರೆ)
ಕಥಿ ಹೆಸರು ಹೇಳ್ರಿ, ಸುರುಳಿ ಹಾಕಿ ಬರೆದು ಕಳಿಸ್ತೀನಿ. ದುಡ್ಡು ಬ್ಯಾಡ.

ಶುದ್ಧಿಪತ್ರ
ಅಭಿನಂದನೆ. ಒಂದೇ ಒಂದು ತೊಡಕು. ಪ್ರಮಾಣಪತ್ರದ ಸಾಲು ನವೆಂಬರಿನದು. ವಿಜಯದಶಮಿ ಅಷ್ಟರಲ್ಲಿ ಮುಗಿದು ಆನೆಗಳು ಲಾರಿ ಹತ್ತಿ ಕಾಡಿನ ಶಿಬಿರಕ್ಕೆ ಹೋಗಿರುತ್ತವೆ. ಕಿಟಕಿಯಾಚೆ ಆನೆ ಇರಲು ಸಾಧ್ಯವಿಲ್ಲ.

ಧಾರವಾಡದ ಮಳಿ
ಏ ಸರ! ಬಿಡ್ರಿ ಒಂದ್ಸಲ!

ಬಿಳಿಹಾಳೆ
ಅಯ್ಯೋ ದೇವ್ರೇ. ಇಪ್ಪತ್ತು ವರ್ಷ ಬ್ಯಾಂಕಲ್ಲಿದ್ದೀನಿ, ಇದು ಹೊಳೀಲಿಲ್ಲ.

ಇರಿ, ಯೋಚಿಸ್ತೀನಿ.

ಬಿಳಿಹಾಳೆ
ಹೋಗಿರಲಿ ಬಿಡಿ. ಆನೆ ಹೋದ ಮೇಲೇ ಬರ್ತಾನೆ ಮಾವುತ. ಆಧಾರ್ ಕಾರ್ಡ್ ಕೊಡಿ ಅಂದ್ರೆ ಅಂಗಿ ಜೇಬಿಂದ ಏನೋ ಹಳೇ ಚೀಟಿ ತೆಗೆದು ಕೊಡ್ತಾನೆ. ಬಿಡಿಸಿ ನೋಡಿದ್ರೆ ತೂಕದ ಚೀಟಿ, ಅವನ ಆನೇದು. ಕಿಟಕಿಯಾಚೆ ಖಾಲಿ ರಸ್ತೆ. ಮೂರನೇ ಪುಟದಿಂದ ಎಲ್ಲ ಒರೆಸಿ ಮತ್ತೆ ಬರೀಬೇಕು.

ಚಕ್ಕುಲಿ
ಪುಟ್ಟಿ ಒಪ್ಪಿದಳಾ?

ಬಿಳಿಹಾಳೆ
ಅಳ್ತಾ ಕೂತಿದ್ದಾಳೆ. ಶಾನುಭೋಗರು ಸಮಾಧಾನ ಮಾಡ್ತಿದ್ದಾರೆ.